ಮುಟ್ಟಳ್ಳಿ ಮದುವೆಯ ಕ್ಯಾಸೆಟ್ಟು

ಅವರು ತೀರಿಹೋದರೆಂದು ಕುಮಟೆಯಿಂದ ಫೋನು ಬಂದಾಗ ನಾನು ಶಾಲೆಯಲ್ಲಿ ಬಿಸಿಯೂಟದ ಅಕ್ಕಿ ಚೀಲ ಬಿಚ್ಚಿಸಿ ನೋಡುತ್ತಿದ್ದೆ. "ಹೌದಾ, ಪಾಪ" ಎಂದೆ. ಫೋನಿಟ್ಟು, ನನ್ನ ಕೋಣೆಗೆ ಬಂದು, ಕುರ್ಚಿಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟೆ. ಸುಳ್ಳು ಯಾಕೆ ಹೇಳಲಿ, ನನಗೆ ಮೊದಲು ಆದದ್ದು ದುಃಖವಲ್ಲ, ನಿರಾಳ. ಮೂವತ್ತೈದು ವರ್ಷದಿಂದ ನಾನು ಈ ಲೋಕದಲ್ಲಿ ನಿಜವಾಗಿ ಹೆದರಿದ್ದು ಅವರೊಬ್ಬರಿಗೇ. ಅವರಾದರೋ ಒಂದು ದಿನವೂ ನನ್ನ ಮೇಲೆ ದನಿ ಏರಿಸಿದವರಲ್ಲ.

ಹೆಸರು ಬರೆಯುವುದಿಲ್ಲ. ಅವರ ಮನೆಯವರು ಅಲ್ಲೇ ಇದ್ದಾರೆ, ಅವರಿಗೆ ನನ್ನಿಂದ ಇನ್ನೊಂದು ಉಪದ್ರ ಬೇಡ. ನಾವು ಕಾಲೇಜು ಹುಡುಗರು ಅವರನ್ನು ವಿಡಿಯೋ ಮಾಮ ಎನ್ನುತ್ತಿದ್ದೆವು. ಕುಮಟೆಯ ಪೇಟೆಯಲ್ಲಿ ಒಂದು ಸಣ್ಣ ಸ್ಟುಡಿಯೋ. ಅಲ್ಲಿಂದ ಹೊನ್ನಾವರ ದಾಟಿ ಭಟ್ಕಳದವರೆಗೂ ಯಾರ ಮನೆಯ ಮದುವೆಯಾದರೂ ಅವರದೇ ವಿಡಿಯೋ. ಕ್ಯಾಮರಾವನ್ನು ಪಂಚೆಯಲ್ಲಿ ಸುತ್ತಿ, ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದರು. ಅದರ ಭಾರಕ್ಕೆ ಬಲಭುಜ ಕೆಳಗಾಗಿತ್ತು. ಮಾತಾಡುವಾಗಲೂ ಎಡಗಣ್ಣು ಮುಚ್ಚುವ ಅಭ್ಯಾಸ. ಎದುರು ನಿಂತವನಿಗೆ ಇವರು ತನ್ನನ್ನು ಚಿತ್ರ ಹಿಡಿಯುತ್ತಿದ್ದಾರೋ ಮಾತಾಡಿಸುತ್ತಿದ್ದಾರೋ ಗೊತ್ತಾಗುತ್ತಿರಲಿಲ್ಲ.

ಭಟ್ಕಳದ ಕೆಲವು ಮನೆಗಳಲ್ಲಿ ಹೆಂಗಸರ ಕೋಣೆಗೆ ಪರಗಂಡಸರು ಹೋಗುವ ಹಾಗಿಲ್ಲ. ಬೇರೆಯವರಾಗಿದ್ದರೆ ಗಂಡಸರ ಚಪ್ಪರವನ್ನಷ್ಟೇ ಹಿಡಿದು ಕೈತೊಳೆದುಕೊಳ್ಳುತ್ತಿದ್ದರು. ಇವರು ಹೆಂಡತಿಗೆ ಮೂರು ತಿಂಗಳು ಮನೆಯ ದನಕರುವಿನ ಮೇಲೆ ಕ್ಯಾಮರಾ ಕಲಿಸಿ, ಅವರನ್ನು ಒಳಗೆ ಕಳಿಸಿ, ತಾವು ಜಗಲಿಯಲ್ಲಿ ವಯರು ಹಿಡಿದು ಕೂತರು. "ಅರ್ಧ ಮದ್ವೆ ತೆಗೆದ್ರೆ ಅದು ಮದ್ವೆನೇ ಅಲ್ಲ" ಎನ್ನುತ್ತಿದ್ದರು.

ಅವರ ಕೆಲಸದ ದೊಡ್ಡ ವಿಶೇಷ ಊಟದ ಪಂಕ್ತಿ. ಧಾರೆ, ಸಪ್ತಪದಿ ಎಲ್ಲ ಬೇಗ ಬೇಗ. ಪಂಕ್ತಿ ಕೂತಿತೆಂದರೆ ಮಾತ್ರ ಕ್ಯಾಮರಾ ಮೊದಲ ಎಲೆಯಿಂದ ಕೊನೆಯ ಎಲೆಯವರೆಗೆ ಒಂದೊಂದೇ ಮುಖದ ಮೇಲೆ ನಿಂತು ನಿಂತು ಸಾಗುತ್ತಿತ್ತು. ಯಾರಾದರೂ ತಲೆ ತಗ್ಗಿಸಿದ್ದರೆ, ಬಡಿಸುವವನು ಅಡ್ಡ ಬಂದಿದ್ದರೆ, ಸಾಲು ಮುಗಿಸಿ ಮತ್ತೆ ವಾಪಸು ಬಂದು ಆ ಮುಖವನ್ನು ಹಿಡಿಯುತ್ತಿದ್ದರು. ಯಾವುದೋ ಮನೆಯಲ್ಲಿ ಒಬ್ಬ ಮುದುಕಿಯ ಮುಖ ಬಿಟ್ಟುಹೋಗಿ, ಆಕೆ ಮುಂದಿನ ಮಳೆಗಾಲದಲ್ಲೇ ತೀರಿಹೋಗಿ, ಮಕ್ಕಳು ಸ್ಟುಡಿಯೋಕ್ಕೆ ಬಂದು ಅತ್ತಿದ್ದರಂತೆ. ಅಂದಿನಿಂದ ಇದು ವ್ರತ. ತಾವು ಉಣ್ಣುತ್ತಿದ್ದುದು ಕೊನೆಯ ಪಂಕ್ತಿಯಲ್ಲಿ, ಅಡಿಗೆಯವರ ಜೊತೆ.

ಇಂಥವರು ನಮ್ಮ ಪಾಲಿಗೆ ಬಂದದ್ದು ಕಾಲೇಜಿನ ವಾರ್ಷಿಕೋತ್ಸವ ಹಿಡಿಯಲು. ಬಂದವರು ಅಂಟಿಕೊಂಡರು. ನಾವೊಂದು ಹನ್ನೆರಡು ಜನ ಆಗ ಬೀದಿ ನಾಟಕ ಆಡುತ್ತಿದ್ದೆವು, ಭಿತ್ತಿಪತ್ರಿಕೆ ಬರೆಯುತ್ತಿದ್ದೆವು, ಸೈಕಲ್ ಸ್ಟ್ಯಾಂಡಿನಲ್ಲಿ ಹಾಡು ಕಟ್ಟುತ್ತಿದ್ದೆವು. ಲೋಕ ನಮ್ಮಿಂದಲೇ ತಿರುಗುತ್ತದೆ ಎಂಬ ನಂಬಿಕೆಯ ವಯಸ್ಸು. ಇವರು ಕೆಲಸವಿಲ್ಲದ ದಿನ ಬಂದು ಎಲ್ಲವನ್ನೂ ಹಿಡಿಯುತ್ತಿದ್ದರು. ಯಾರೂ ಕರೆದಿರಲಿಲ್ಲ, ಯಾರೂ ಏನೂ ಕೊಡುತ್ತಿರಲಿಲ್ಲ. ಕುಮಟೆಯ ಮೀನು ಮಾರ್ಕೆಟ್ಟಿನ ಎದುರು ನಾವು ನಾಟಕ ಆಡಿದರೆ ಅವರ ಕ್ಯಾಮರಾ ನಮಗೆ ಬೆನ್ನು ಹಾಕಿ ನೋಡುವವರ ಕಡೆ ತಿರುಗಿರುತ್ತಿತ್ತು. ನನಗೆ ಸಿಟ್ಟು. ಹತ್ತಿಯ ಗಡ್ಡ ಅಂಟಿಸಿಕೊಂಡು ಮುದುಕನ ಪಾತ್ರ ಮಾಡಿ ಬೆವರಿಳಿಸಿದವನು ನಾನು.

"ನಾಟಕ ಚಲೋ ಆತು ತಮಾ. ಆದ್ರೆ ನೋಡೂಕೆ ನಿಂತವ್ರ ಮುಖ ಇನ್ನೂ ಚಲೋ ಇತ್ತು" ಎಂದರು.

ಅವರು ಕಲಿತದ್ದು ನಾಲ್ಕನೇ ಈಯತ್ತೆ. ಒಮ್ಮೆ ಕ್ಯಾಮರಾದ ಕಣ್ಣನ್ನು ಬೆರಳಿನಿಂದ ತಟ್ಟಿ, "ನಾ ಕಾಲೇಜು ಕಲ್ತದ್ದು ಇದ್ರೊಳಗೇ" ಎಂದಿದ್ದರು. ನಾವು ನಕ್ಕೆವು. ಅವರು ನಗಲಿಲ್ಲ.

ನಮ್ಮೊಳಗೆ ಚಿತ್ರ ಬರೆಯುವವನು ಹಿರೇಗುತ್ತಿಯ ಗಣಪು. ಬ್ಯಾನರು, ಗೋಡೆ ಬರಹ, ನಾಟಕದ ಮುಖವಾಡ ಎಲ್ಲ ಅವನದೇ ಕೈ. ಆ ಕೈಯಲ್ಲಿ ಬಣ್ಣವಿಲ್ಲದ ದಿನವನ್ನು ನಾನು ನೋಡಿಲ್ಲ. ಅವನಪ್ಪ ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಕೂಲಿಗೆ ಹೋಗುತ್ತಿದ್ದರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ಗಣಪು.

ಪಾಸಿನ ಹುಡುಗರು ನಿಂತದ್ದು ಕಂಡರೆ ಬಸ್ಸು ನಿಲ್ಲಿಸದೆ ಹೋಗುವ ಕಾಲ ಅದು. ನಾನು ಹೊನ್ನಾವರದಾಚೆ ಅಪ್ಸರಕೊಂಡದ ಹತ್ತಿರದವನು, ವಾರಕ್ಕೆರಡು ದಿನ ಮೊದಲ ಪಿರಿಯಡ್ಡು ತಪ್ಪುತ್ತಿತ್ತು. ಕೊನೆಗೆ ಒಂದು ಸೋಮವಾರ ಮೆರವಣಿಗೆ ಹೊರಟೆವು. ಎಲ್ಲರೂ ಬಿಳಿ ಅಂಗಿ ಹಾಕಬೇಕೆಂದು ಮಾತಾಗಿತ್ತು. ಗಣಪು ಬೆಳಿಗ್ಗೆ ಬರೆದ ಬ್ಯಾನರಿನ ಕೆಂಪು ಬಣ್ಣ ಇನ್ನೂ ಹಸಿ. ಎತ್ತಿಕೊಡುವಾಗ ನನ್ನ ಬಲಗೈಗೂ ಮೆತ್ತಿತು.

ವಿಡಿಯೋ ಮಾಮ ಹಿಂದಿನ ದಿನ ಭಟ್ಕಳದ ಹತ್ತಿರದ ಮುಟ್ಟಳ್ಳಿಯಲ್ಲಿ ಮದುವೆ ಮುಗಿಸಿ ಬಂದಿದ್ದರು. ಕ್ಯಾಮರಾದಲ್ಲಿದ್ದ ಮದುವೆ ಕ್ಯಾಸೆಟ್ಟಿನ ಕೊನೆಗೆ ಸ್ವಲ್ಪ ಜಾಗ ಉಳಿದಿತ್ತು. ಅದರಲ್ಲೇ ನಮ್ಮನ್ನು ಹಿಡಿದರು. ಹೇಗೆ ಹಿಡಿದರು ಅಂತೀರಿ? ಪಂಕ್ತಿ ಹಿಡಿದ ಹಾಗೆಯೇ. ಮುಂದಿನವನಿಂದ ಹಿಂದಿನವನವರೆಗೆ ಒಂದೊಂದೇ ಮುಖ. ಬಣ್ಣದ ಡಬ್ಬಿ ಇಟ್ಟು ಬರಲು ಹೋದ ಗಣಪು ಮಾತ್ರ ಆಗ ಸಾಲಿನಲ್ಲಿರಲಿಲ್ಲ. ಬ್ಯಾನರಿನ ಅಂಚು ನನ್ನ ಮುಖಕ್ಕೆ ಅಡ್ಡ ಬಂದಿತ್ತು. ಸಾಲು ಮುಗಿಸಿ ಅವರು ನನಗಾಗಿ ವಾಪಸು ಬಂದರು.

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ತಳ್ಳಾಟ ಶುರುವಾಗಿತ್ತು. ಒಂದು ಬಸ್ಸು ಹೊರಟಿತು. ನನಗೆ ಏನಾಯಿತೋ ಗೊತ್ತಿಲ್ಲ. ಬಗ್ಗಿದೆ, ಕೈಗೆ ಸಿಕ್ಕಿದ ಕಲ್ಲು ಎತ್ತಿ ಬೀಸಿದೆ. ಗಾಜು ಒಡೆದು ಕಂಡಕ್ಟರರ ಹುಬ್ಬು ಹರಿಯಿತು. ರಕ್ತ ನೋಡಿದೊಡನೆ ನನ್ನ ಜೀವ ಬಾಯಿಗೆ ಬಂತು. ತಿರುಗಿದರೆ ಹತ್ತು ಮಾರು ದೂರದಲ್ಲಿ ಕ್ಯಾಮರಾ, ಎಡಗಣ್ಣು ಮುಚ್ಚಿದ ಆ ಮುಖ.

ಓಡಿದೆ. ಗೆಳೆಯನೊಬ್ಬನ ಖಾಲಿ ರೂಮಿಗೆ ಹೋಗಿ ಚಿಮಣಿ ಎಣ್ಣೆಯಲ್ಲಿ ಕೈ ತಿಕ್ಕಿದೆ, ಚರ್ಮ ಉರಿಯುವವರೆಗೆ ತಿಕ್ಕಿದೆ, ಆಮೇಲೂ ದಿನಾ ತಿಕ್ಕಿದೆ. ಕಂಡಕ್ಟರರು ಮುಖ ನೋಡಿರಲಿಲ್ಲ. ಕೆಂಪು ಬಣ್ಣದ ಕೈ ಕಂಡಿತು ಎಂದಷ್ಟೇ ಹೇಳಿದರು. ಊರಿಗೆಲ್ಲ ಗೊತ್ತಿದ್ದ ಬಣ್ಣದ ಕೈ ಒಂದೇ. ಗಣಪು ಎರಡು ದಿನ ಠಾಣೆಯಲ್ಲಿದ್ದ. ಕಾಲೇಜಿನಿಂದ ಹೆಸರು ಹೊಡೆದುಹಾಕಿದರು. ಕೊನೆಯ ಪರೀಕ್ಷೆಗೆ ಎರಡು ತಿಂಗಳಿತ್ತು.

ಫೌಜದಾರರು ಸ್ಟುಡಿಯೋಕ್ಕೆ ಬಂದು ಕಾಲೇಜಿನದೆಂದು ಬರೆದಿದ್ದ ಕ್ಯಾಸೆಟ್ಟುಗಳನ್ನೆಲ್ಲ ಒಯ್ದರು. ಅದರಲ್ಲಿ ಹಾಡು, ನಾಟಕ, ನಮ್ಮ ಹಲ್ಲುಕಿರಿದ ಮುಖಗಳು. ಮೆರವಣಿಗೆಯದು ಅಲ್ಲಿರಲೇ ಇಲ್ಲ, ಅವನ್ನೆಲ್ಲ ಆಮೇಲೆ ಮರಳಿಸಿದರು. ಮುಟ್ಟಳ್ಳಿಯ ಮದುಮಗಳ ಅಪ್ಪ ಸೋಮವಾರ ಮಧ್ಯಾಹ್ನವೇ ಬಂದು, ಗಂಡಿನ ಕಡೆಯವರು ಮುಂಬಯಿಗೆ ಹೊರಟಿದ್ದಾರೆ, ಹೋಗುವ ಮೊದಲು ಒಂದು ಸಲ ನೋಡಬೇಕಂತೆ ಎಂದು ಗಡಿಬಿಡಿ ಮಾಡಿ ಕ್ಯಾಸೆಟ್ಟು ಒಯ್ದಿದ್ದರು. ಇವರಿಗೆ ಕೊನೆಯ ಭಾಗ ಅಳಿಸಲೂ ಪುರಸೊತ್ತಾಗಿರಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಒಂದು ವಾರದ ಮೇಲೆ, ಅವರು ಹೇಳಿಕಳಿಸಿ ಕರೆಸಿದಾಗ. ಸ್ಟುಡಿಯೋದ ಕಪ್ಪು ಪರದೆಯ ಹಿಂದೆ ಕೂರಿಸಿದರು.

"ಕೈ ಚಲೋ ತೊಳ್ದೆ ತಮಾ. ಚಿಮಣಿ ಎಣ್ಣೆ ಇನ್ನೂ ನಾರ್ತದೆ."

ನಾನು ಕೈಯನ್ನು ತೊಡೆಯ ಕೆಳಗೆ ಸೇರಿಸಿದೆ.

"ನಾ ಕಂಡಿದ್ದೆ. ಕ್ಯಾಸೆಟ್ಟು ಮುಟ್ಟಳ್ಳಿಗೆ ಹೋಗದೆ. ನಾನಾಗಿ ತರೂದಿಲ್ಲ, ನಾನಾಗಿ ಹೇಳೂದೂ ಇಲ್ಲ. ನೀ ಹೋಗಿ ಹೇಳ್ತಿ ಅಂದ್ರೆ ನಾನೂ ಸಂಗಡ ಬರ್ತೆ. ಒಬ್ನೇ ಹೋಗ್ಬೇಡ."

"ನಾಳೆ ಹೇಳ್ತೆ ಮಾಮ."

"ಆತು" ಎಂದರು. ಚಹಾ ತರಿಸಿದರು. ನಾನು ಲೋಟ ಮುಟ್ಟದೆ ಎದ್ದೆ.

ನಾಳೆ ಬರಲಿಲ್ಲ. ನಾನು ಪರೀಕ್ಷೆ ಬರೆದೆ, ಬಿ.ಎಡ್. ಮಾಡಿದೆ, ಹೊನ್ನಾವರದಲ್ಲಿ ಮಾಸ್ತರಾದೆ, ಹೆಡ್ ಮಾಸ್ತರಾದೆ. ಅವರು ಎಲ್ಲಿ ಸಿಕ್ಕರೂ ಎಡಗಣ್ಣು ಮುಚ್ಚಿ ಕೇಳುತ್ತಿದ್ದುದು ಒಂದೇ ಮಾತು, "ಆತಾ ತಮಾ?" ಅಷ್ಟೇ. ಬೈಗುಳವಿಲ್ಲ, ಬೆದರಿಕೆಯಿಲ್ಲ. ನಾನು "ಇಲ್ಲ ಮಾಮ" ಎಂದರೆ "ಹ್ಞೂಂ" ಎಂದು ಹೋಗುತ್ತಿದ್ದರು. ಕುಮಟೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಹೋಗಬೇಕಾಗಿ ಬಂದರೆ ಆ ಪೇಟೆಯ ರಸ್ತೆ ಬಿಟ್ಟು ಸುತ್ತಿ ಹೋಗುತ್ತಿದ್ದೆ. ಮುಟ್ಟಳ್ಳಿಯ ಹೆಸರು ಕೇಳಿದರೆ ಸಾಕು, ಈ ಹೊತ್ತಿನಲ್ಲಿ ಅಲ್ಲಿ ಯಾರಾದರೂ ಮದುವೆ ಕ್ಯಾಸೆಟ್ಟು ಹಾಕಿಕೊಂಡು ಕೂತಿರಬಹುದೇ, ಪಂಕ್ತಿ ಮುಗಿದ ಮೇಲೂ ಬಂದ್ ಮಾಡುವುದು ಮರೆತಿರಬಹುದೇ ಎಂದು ಎದೆ ಧಸಕ್ಕೆನ್ನುತ್ತಿತ್ತು.

ಅಪ್ಪನಿಗೆ ಏನು ಗೊತ್ತು? ನನ್ನ ಮದುವೆಗೆ ಅವರಿಗೇ ವಿಡಿಯೋ ಹೇಳಿಬಂದ. ಮದುಮಗನಾಗಿ ಬಾಸಿಂಗ ಕಟ್ಟಿಕೊಂಡು ನಾನು ನಡುಗಿದ್ದನ್ನು ಹೆಂಡತಿಯ ಕಡೆಯವರು ನಾಚಿಕೆ ಎಂದುಕೊಂಡರು. ಆ ಕ್ಯಾಸೆಟ್ಟಿನ ಮೊದಲಿಗೆ ಕಪ್ಪು ರಟ್ಟಿನ ಮೇಲೆ ಬಿಳಿ ಅಕ್ಷರದಲ್ಲಿ ನಮ್ಮಿಬ್ಬರ ಹೆಸರಿತ್ತು. ಬರೆದವನು ಗಣಪು. ಕಾಲೇಜು ಬಿಡಿಸಿದ ಆರು ತಿಂಗಳಿಗೆ ವಿಡಿಯೋ ಮಾಮ ತಾವೇ ಹಿರೇಗುತ್ತಿಗೆ ಹೋಗಿ, ಅವನನ್ನು ಕರೆತಂದು, ಮದುವೆ ಕ್ಯಾಸೆಟ್ಟುಗಳಿಗೆ ಹೆಸರು ಬರೆಯುವ ಕೆಲಸ ಕೊಟ್ಟಿದ್ದರು. ಕಂಪ್ಯೂಟರು ಬಂದು ಆ ಕೆಲಸ ನಿಂತ ಮೇಲೆ ಅವನು ತದಡಿಯಲ್ಲಿ ದೋಣಿಗಳಿಗೆ ಹೆಸರು ಬರೆಯತೊಡಗಿದ. ನನ್ನ ಹೆಸರಿನ ಒಂದೊಂದು ಅಕ್ಷರವನ್ನೂ ಅವನು ನೆರಳು ಕೊಟ್ಟು ಬರೆದಿದ್ದ. ಆ ಕ್ಯಾಸೆಟ್ಟನ್ನು ನಾನು ಎರಡನೇ ಸಲ ನೋಡಿಲ್ಲ.

ಈಗ ಹೇಳಿ, ಅವರು ಸತ್ತ ಸುದ್ದಿಗೆ ನಿರಾಳವಾದದ್ದು ಆಶ್ಚರ್ಯವೇ?

ಆ ನಿರಾಳ ಹನ್ನೊಂದನೇ ದಿನದ ಕಾರ್ಯದವರೆಗೂ ಉಳಿಯಲಿಲ್ಲ. ಸ್ಮಿತಾ ಎಂಬ ಹುಡುಗಿಯ ಫೋನು ಬಂತು.

"ಸರ್, ನಾನು ಸಾಕ್ಷ್ಯಚಿತ್ರ ಮಾಡ್ತಾ ಇದ್ದೇನೆ. ನಿಮ್ಮ ಕಾಲದ ಕಾಲೇಜು, ಬೀದಿ ನಾಟಕ, ಹೋರಾಟ ಅದರ ಬಗ್ಗೆ. ನಿಮ್ಮ ವಿಡಿಯೋ ಮಾಮ ನಂಬರ್ ಕೊಟ್ಟಿದ್ರು, ಅವರು ಹುಷಾರಿದ್ದಾಗ."

"ನೀನು ಯಾರ ಮಗಳು?" ಎಂದೆ. ನಮ್ಮ ಕಡೆ ಮೊದಲು ಕೇಳುವುದು ಅದನ್ನೇ.

"ಅಮ್ಮನ ತವರು ಮುಟ್ಟಳ್ಳಿ ಸರ್. ನನ್ನಮ್ಮನ ಮದುವೆ ಕ್ಯಾಸೆಟ್ಟಿನಲ್ಲೇ ಇದು ಸಿಕ್ಕಿದ್ದು. ಮನೆಯಲ್ಲಿ ಎಲ್ಲರೂ ಪಂಕ್ತಿ ಮುಗಿದು ಅಮ್ಮ ಅಳುವಲ್ಲಿಗೆ ಟಿವಿ ಬಂದ್ ಮಾಡ್ತಿದ್ರು. ಈಗ ಅದನ್ನ ಪೆನ್ ಡ್ರೈವಿಗೆ ಹಾಕಿಸೋಕೆ ಕೊಟ್ರೆ ಅಂಗಡಿಯವನು ಫೋನ್ ಮಾಡಿ, ನಿಮ್ಮಮ್ಮನ ಮದುವೆಯಲ್ಲಿ ಗಲಾಟೆ ಆಗಿತ್ತಾ ಅಂತ ಕೇಳಿದ."

ಅವಳು ನಕ್ಕಳು. ನಾನು ಗೋಡೆ ಹಿಡಿದುಕೊಂಡೆ.

ಮರುವಾರ ಮನೆಗೆ ಬಂದಳು. ಚುರುಕಿನ ಹುಡುಗಿ, ನನ್ನ ಮಗಳಷ್ಟೇ ವಯಸ್ಸು. ಲ್ಯಾಪ್‌ಟಾಪು ತೆರೆದು ನನ್ನ ಮುಂದಿಟ್ಟಳು. ಎಲ್ಲರ ಹೆಸರು ಬೇಕಿತ್ತು ಅವಳಿಗೆ. ಮಾಮ ಕೊಟ್ಟ ಹಳೆಯ ಕ್ಯಾಸೆಟ್ಟುಗಳಿಂದ ಹತ್ತಿಯ ಗಡ್ಡದ ಮುದುಕ ನಾನೇ ಎಂಬುದು ಮೊದಲೇ ತಿಳಿದಿತ್ತು. ನಾನು ಒಂದೊಂದೇ ಮುಖಕ್ಕೆ ಹೆಸರು ಹೇಳುತ್ತ ಹೋದೆ. ಕೆಲವರು ಈಗಿಲ್ಲ. ಹೇಳುತ್ತ ಹೇಳುತ್ತ ಖುಷಿಯೂ ಆಗಿತ್ತು. ಸಾಲು ಮುಗಿಯಿತು. ಚಿತ್ರ ಅಲುಗಾಡಿತು, ಹಿಂದಕ್ಕೆ ಬಂತು. ಬಿಳಿ ಅಂಗಿಯ, ಗುಂಗುರು ಕೂದಲಿನ ಒಬ್ಬ ಸಣಕಲು ಹುಡುಗ ಬಗ್ಗಿದ. ಎದ್ದ. ಕೆಂಪು ಕೈ.

ಅವಳು ಅಲ್ಲಿಗೆ ನಿಲ್ಲಿಸಿದಳು. "ಇದು ಯಾರು ಸರ್?"

ನನ್ನ ಬೋಳುತಲೆ, ನನ್ನ ಹೊಟ್ಟೆ ಅವಳ ಎದುರಿಗಿತ್ತು. ಅವಳಿಗೆ ಗುರುತು ಹತ್ತಿರಲಿಲ್ಲ.

"ಮಾಮ ಏನು ಹೇಳಿದ್ರು?" ಎಂದೆ.

"ಅವರು ಹೇಳ್ಲಿಲ್ಲ. ಅದನ್ನ ಹೊನ್ನಾವರದ ಹೆಡ್ ಮಾಸ್ತರನ್ನೇ ಕೇಳು, ಅವ ಹೇಳ್ತ ಅಂದ್ರು."

ಸಾಯುವ ಮೊದಲು ಒಂದು ಹುಡುಗಿಯ ಕೈಯಲ್ಲಿ ಅದೇ ಪ್ರಶ್ನೆ ಕೊಟ್ಟು ಕಳಿಸಿದ್ದರು. ಒಳಗೆ ಹೆಂಡತಿ ದೋಸೆ ಎರೆಯುತ್ತಿದ್ದಳು. ನಾನು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು, ಹತ್ತಿರ ಬಗ್ಗಿ, ನನ್ನ ಮುಖವನ್ನೇ ನೋಡಿ, "ನೆನಪಾಗುವುದಿಲ್ಲ ಮಗಾ" ಎಂದೆ.

ನನ್ನಂಥ ಪುಕ್ಕಲನನ್ನು ದೇವರು ಯಾಕೆ ಮಾಸ್ತರನನ್ನಾಗಿ ಮಾಡಿದನೋ.

ಪ್ರದರ್ಶನ ಕುಮಟೆಯಲ್ಲಿ, ಒಂದು ಭಾನುವಾರ ಸಂಜೆ ನಾಲ್ಕಕ್ಕೆ. ಹೋಗದಿದ್ದರೆ ಸಂಶಯ, ಹೋದರೆ ಹೆದರಿಕೆ. ಹೋದೆ. ಗಣಪು ಬಾಗಿಲಲ್ಲೇ ಸಿಕ್ಕಿ, "ಬಾ ಮಾಸ್ತರಾ" ಎಂದು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. ಚಿತ್ರ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ನಮ್ಮ ಸೈಕಲ್ ಸ್ಟ್ಯಾಂಡು, ನಮ್ಮ ಹಾಡು, ಮೀನು ಮಾರ್ಕೆಟ್ಟಿನ ಎದುರು ಬುಟ್ಟಿ ಇಳಿಸಿ ಬಾಯ್ತೆರೆದು ನಾಟಕ ನೋಡುವ ಹೆಂಗಸರು. ಅವರು ಅಂದಿದ್ದು ನಿಜ. ನೋಡಲು ನಿಂತವರ ಮುಖವೇ ಹೆಚ್ಚು ಚೆನ್ನಾಗಿತ್ತು. ನನಗೆ ಅಳು ಬಂತು.

ಆಮೇಲೆ ಪರದೆಯ ಮೇಲೆ ಅವರೇ ಬಂದರು. ಮಂಚದ ಮೇಲೆ ದಿಂಬಿಗೆ ಒರಗಿದ್ದಾರೆ. ಒಂದು ಹಿಡಿಯಷ್ಟಾಗಿದ್ದಾರೆ. ಸ್ಮಿತಾಳ ದನಿ ಕೇಳುತ್ತದೆ, "ಕ್ಯಾಸೆಟ್ಟಿನಲ್ಲಿ ಯಾರಿದ್ದಾರೆ ಅಂತ ನೀವು ಯಾಕೆ ಆಗ ಹೇಳ್ಲಿಲ್ಲ ಅಜ್ಜ?"

ಅವರು ಎಡಗಣ್ಣು ಮುಚ್ಚಿದರು. "ನಾನೂ ಹೆದರಿದ್ದೆ ತಂಗಿ" ಎಂದರು. "ಪೊಲೀಸ್ರು ಕ್ಯಾಮರಾ ಒಯ್ತ್ರು ಅಂದ್ಕಂಡೆ. ಅದು ಹೋದ್ರೆ ಅನ್ನ ಹೋತು. ಮತ್ತೆ ಒಬ್ಬನ್ನ ಬಿಡಿಸೂಕೆ ಇನ್ನೊಬ್ಬನ್ನ ಹಿಡ್ದು ಕೊಡೂದು ನನ್ಹತ್ರ ಆಗ್ಲಿಲ್ಲ. ಅವನೇ ಹೇಳ್ಲಿ ಅಂತ ಕಾದೆ. ಕಾಯೂದೇ ತಪ್ಪಾತು. ಆ ಹುಡುಗ್ನ ಓದು ಹೋತು."

ನಾನು ಇಷ್ಟು ವರ್ಷ ಅವರ ಮುಚ್ಚಿದ ಎಡಗಣ್ಣನ್ನು ನೋಡಿ ಹೆದರಿದ್ದೆ. ತೆರೆದ ಬಲಗಣ್ಣನ್ನು ನೋಡಿರಲೇ ಇಲ್ಲ. ಅದರಲ್ಲೂ ನನ್ನದೇ ಹೆದರಿಕೆಯಿತ್ತು.

ಮೆರವಣಿಗೆ ಶುರುವಾಯಿತು. ಒಂದೊಂದು ಮುಖದ ಕೆಳಗೆ ಒಂದೊಂದು ಹೆಸರು, ಊರು. ನಾನು ಕುರ್ಚಿಯ ಕೈಯನ್ನು ಹಿಡಿದೆ. ಚಿತ್ರ ಹಿಂದಕ್ಕೆ ಬಂತು. ಸಣಕಲು ಹುಡುಗ ಬಗ್ಗಿ ಎದ್ದ. ನನ್ನ ಮುಖ ಗೋಡೆಯಷ್ಟಗಲ. ಅದರ ಕೆಳಗೆ ಬಿಳಿ ಅಕ್ಷರದಲ್ಲಿ ಬಂತು: ಗಣಪತಿ, ಹಿರೇಗುತ್ತಿ.

ಜನ ತಿರುಗಿ ಗಣಪುವನ್ನು ನೋಡಿದರು. ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹಾಕಿದರು. ಅವನು ಕೈಯೆತ್ತಿ ಸುಮ್ಮನೆ ಒಂದು ನಮಸ್ಕಾರ ಮಾಡಿದ. ನನಗೆ ಗೊತ್ತಾಯಿತು. ಇನ್ನು ಯಾರೂ ನನ್ನನ್ನು ಹಿಡಿಯುವವರಿಲ್ಲ. ಕಂಡವರು ಸತ್ತರು, ಚಿತ್ರವೇ ಬೇರೆ ಹೆಸರು ಹೇಳಿತು. ನಾನು ಗೆದ್ದಿದ್ದೆ. ನನ್ನ ಜನ್ಮದಲ್ಲಿ ಅಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ.

ಹೊರಗೆ ಚಹಾದ ಹತ್ತಿರ ಅವನನ್ನು ಬದಿಗೆ ಎಳೆದೆ. "ಯಾಕೆ ನಿನ್ನ ಹೆಸ್ರು ಹೇಳ್ದೆ ಗಣಪು? ಅದು ನೀನಲ್ಲ."

"ಗೊತ್ತದೆ" ಎಂದ.

"ಯಾರು ಅಂತಾನೂ ಗೊತ್ತದ್ಯಾ?"

"ಬ್ಯಾನರು ಎತ್ತಿ ಕೊಟ್ಟವ ನೀನು. ಕಂಡಕ್ಟರು ಕೆಂಪು ಕೈ ಅಂದ ದಿನವೇ ಗೊತ್ತಾತು." ಅವನು ಚಹಾದ ಲೋಟ ತಿರುಗಿಸುತ್ತ ನಿಂತ. "ಆ ಹುಡ್ಗಿ ತದಡಿಗೆ ಬಂದಿದ್ಲು. ಯಾರೂ ಹೆಸ್ರು ಹೇಳ್ತಿಲ್ಲ ಅಂದ್ಲು. ಮಾಸ್ತರಿಗೂ ನೆನಪಿಲ್ವಂತೆ ಅಂದ್ಲು. ಹೆಸ್ರಿಲ್ದೆ ಒಂದು ಮುಖ ಬಿಡೂದು ಮಾಮಗೆ ಚಲೋ ಕಾಣ್ತಿರ್ಲಿಲ್ಲ. ಅದಕ್ಕೇ ನಂದು ಬರ್ಸ್ದೆ, ಮಾಮ ಹೇಳಿದ ಓದು ಹೋದ ಹುಡುಗ ಬೇರೆಯವ ಅಂದೆ. ಹೆಂಗೂ ಕಾಲೇಜಿನ ಕಾಗ್ದದಲ್ಲಿ ನಂದೇ ಅದೆ. ಹೊಸದಾಗಿ ಹೋಗೂದು ಎಂತ ಅದೆ?"

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ದೋಣಿಯ ಹೆಸರಿನ ಬಗ್ಗೆ ಮಾತಾಡಿದ ಹಾಗೆ ಮಾತಾಡಿದ.

ಒಳಗೆ ಹೋದೆ. ಸ್ಮಿತಾ ವಯರು ಸುತ್ತುತ್ತಿದ್ದಳು. "ಮಗಾ, ಒಂದು ಹೆಸರು ತಪ್ಪಾಗಿದೆ. ನಾನು ನಿನಗೆ ಸುಳ್ಳು ಹೇಳಿದೆ" ಎಂದೆ. ಅವಳು ವಯರು ಕೆಳಗಿಟ್ಟಳು. ಯಾರ ಹೆಸರು ಬರೆಯಬೇಕೆಂದು ಹೇಳಿದೆ. ಅವಳು ನನ್ನ ಬೋಳುತಲೆಯನ್ನು, ಆಮೇಲೆ ನನ್ನ ಬಲಗೈಯನ್ನು ನೋಡಿದಳು. ಫೋನಿನಲ್ಲಿ ಬರೆದುಕೊಂಡಳು. ಒಂದು ಅಕ್ಷರ ತಪ್ಪಿದಾಗ ನಾನೇ ತಿದ್ದಿದೆ.

ಮುಂದಿನ ಪ್ರದರ್ಶನ ಈ ಶನಿವಾರ, ಹೊನ್ನಾವರದಲ್ಲಿ. ನಮ್ಮ ಶಾಲೆಯ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಬರಬಹುದೇ ಎಂದು ಸ್ಮಿತಾ ಪತ್ರ ಬರೆದು ಕೇಳಿದಳು. ಬೇಡ ಎಂದರೆ ಮುಗಿಯಿತು, ಆ ಅಧಿಕಾರ ನನಗಿದೆ. ಪತ್ರ ಮೂರು ದಿನ ಮೇಜಿನ ಮೇಲಿತ್ತು. ನಿನ್ನೆ ಒಪ್ಪಿಗೆಯ ಸಹಿ ಹಾಕಿದೆ. ಹೆಂಡತಿಗೆ ಇನ್ನೂ ಹೇಳಿಲ್ಲ. ಗಣಪು ಬರುತ್ತಾನಂತೆ. ಹೆಡ್ ಮಾಸ್ತರರಿಗೆ ಮಕ್ಕಳ ಎದುರು, ಮೊದಲ ಸಾಲಿನಲ್ಲಿ ಕುರ್ಚಿ ಇಟ್ಟಿದ್ದಾರಂತೆ. ಕೂರುತ್ತೇನೆ. ಕೈಕಾಲು ಈಗಲೇ ತಣ್ಣಗಾಗಿವೆ.